13,500 ಬಿಟಿಯು ಎಸಿಗೆ 2,200 ವ್ಯಾಟ್ ಜನರೇಟರ್ ಸಾಕೇ? 30 ಆಂಪ್ ಟ್ರೈಲರ್‌ನ ಕೆಲಸದ ಟಿಪ್ಪಣಿ

ಕೆಲಸಕ್ಕೆ ಎತ್ತಿಕೊಂಡದ್ದು ವಾಹನದ ಹಿಂದೆ ಎಳೆದೊಯ್ದು ತಂಗುವ, ಮನೆಯಂಥ ಟ್ರೈಲರ್: 24 ಅಡಿ ಉದ್ದ, 120 ವೋಲ್ಟ್ 30 ಆಂಪ್ ಸಂಪರ್ಕ, ಛಾವಣಿಯ ಮೇಲೆ 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಎಸಿ ಒಂದು, 55 ಆಂಪ್ ಕನ್ವರ್ಟರ್ (120 ವೋಲ್ಟಿನಿಂದ ಬ್ಯಾಟರಿ ತುಂಬುವ ಪೆಟ್ಟಿಗೆ), 100 ಆಂಪ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು, ಮೈಕ್ರೊವೇವ್, ಪ್ರೊಪೇನ್ ಮತ್ತು ಕರೆಂಟ್ ಎರಡರಲ್ಲೂ ನಡೆಯುವ ಫ್ರಿಜ್ ಮತ್ತು ಗೀಸರ್. ಹೋಗುವ ಜಾಗಗಳು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ: ಬಿಎಲ್‌ಎಂ ಎಂಬ ಭೂ ಇಲಾಖೆಯ ಬಯಲುಗಳು, ನ್ಯಾಷನಲ್ ಫಾರೆಸ್ಟ್‌ಗಳು, ಕರೆಂಟ್ ಕಂಬವಿಲ್ಲದ ಪಾರ್ಕ್ ಕ್ಯಾಂಪ್‌ಗ್ರೌಂಡ್‌ಗಳು. ಬಿಎಲ್‌ಎಂ ಜಾಗದಲ್ಲಿ ಸಾಮಾನ್ಯವಾಗಿ 28 ದಿನದ ಅವಧಿಯಲ್ಲಿ 14 ದಿನ ತಂಗಬಹುದು. ಹಾಗಾಗಿ ಒಂದು ರಾತ್ರಿಯನ್ನು ಹೇಗೋ ಕಳೆಯುವ ಏರ್ಪಾಡು ಇಲ್ಲಿ ನಡೆಯುವುದಿಲ್ಲ.

ಅಂಗಡಿಗೆ ಹೋದರೆ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವುದು ಗರಿಷ್ಠ ವ್ಯಾಟ್. ಅದು ಕೆಲವು ಕ್ಷಣದ ಮಾತು. ಲೆಕ್ಕಕ್ಕೆ ಬೇಕಾದದ್ದು ಸಣ್ಣ ಅಕ್ಷರದ ರೇಟೆಡ್ ವ್ಯಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಹೋಂಡಾ ಇಯು2200ಐ ಗರಿಷ್ಠ 2,200, ರೇಟೆಡ್ 1,800. ಚಾಂಪಿಯನ್‌ನ 2,500 ವ್ಯಾಟ್ ಡ್ಯುಯಲ್ ಫ್ಯುಯಲ್ ಇನ್ವರ್ಟರ್ ಜನರೇಟರ್‌ನ ರೇಟೆಡ್ ಪೆಟ್ರೋಲ್‌ನಲ್ಲಿ 1,850, ಪ್ರೊಪೇನ್‌ನಲ್ಲಿ 1,665. ಡಬ್ಬ ನೋಡಿದರೆ ಚಾಂಪಿಯನ್ 300 ವ್ಯಾಟ್ ಮುಂದಿದೆ, ನಿಜದಲ್ಲಿ 50.

ಮೊದಲು ಟ್ರೈಲರ್ ಎಷ್ಟು ಎಳೆಯುತ್ತದೆ ಎಂದು ಅಳೆಯಿರಿ

ಮನೆಯ ಮುಂದೆ ಟ್ರೈಲರ್ ನಿಂತಿರುವಾಗಲೇ ಇದನ್ನು ಮುಗಿಸಬೇಕು. ಬೇಕಾದದ್ದು ಒಂದು ಕ್ಲ್ಯಾಂಪ್ ಮೀಟರ್, ಒಂದು ಲೈನ್ ಸ್ಪ್ಲಿಟರ್. ಇಡೀ ಕೇಬಲ್ಲಿಗೆ ಕ್ಲ್ಯಾಂಪ್ ಹಾಕಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಹೊಡೆದುಹಾಕಿ ಮೀಟರ್ ಸೊನ್ನೆ ತೋರಿಸುತ್ತದೆ. ತಂತಿಗಳನ್ನು ಬೇರೆ ಮಾಡಿಕೊಡುವ ಸ್ಪ್ಲಿಟರ್ ಬೇಕಾಗುವುದು ಅದಕ್ಕೇ. ಒಂದೊಂದೇ ಉಪಕರಣ ಹಾಕಿ ಬರೆದುಕೊಳ್ಳುತ್ತಾ ಹೋಗಿ.

ಈ ವರ್ಗದ ಟ್ರೈಲರ್‌ನಲ್ಲಿ ಸಿಗುವ ಅಂಕಿಗಳು ಹೆಚ್ಚುಕಡಿಮೆ ಹೀಗಿರುತ್ತವೆ. ಎಸಿ ಓಡುವಾಗ 12ರಿಂದ 14 ಆಂಪ್. ಹೊರಗಿನ ಬಿಸಿ ಏರಿದಷ್ಟೂ ಕಂಪ್ರೆಸರ್ ಹೆಚ್ಚು ಎಳೆಯುತ್ತದೆ. ವಸಂತದ ಸಂಜೆ 1,300 ವ್ಯಾಟ್ ತೋರಿಸಿದ ಎಸಿ ಜುಲೈ ಮಧ್ಯಾಹ್ನ 1,600 ದಾಟಬಹುದು. ಆದ್ದರಿಂದ ಅಳತೆಯನ್ನು ಬಿಸಿಲಲ್ಲೇ ತೆಗೆಯಿರಿ. ಗೀಸರ್‌ನ ಎಲಿಮೆಂಟ್ 1,440 ವ್ಯಾಟ್. ಫ್ರಿಜ್ ಕರೆಂಟಿನಲ್ಲಿದ್ದರೆ 300ರಿಂದ 400. 1,000 ವ್ಯಾಟ್ ಎಂದು ಬರೆದ ಮೈಕ್ರೊವೇವ್ ಎಳೆಯುವುದು 1,500ರ ಹತ್ತಿರ. ಬರೆದಿರುವುದು ಅಡುಗೆಗೆ ಸಿಗುವ ಶಕ್ತಿ ಮಾತ್ರ. ಎಲೆಕ್ಟ್ರಿಕ್ ಕೆಟಲ್ 1,500, ಆರು ಕ್ವಾರ್ಟ್‌ನ ಇನ್‌ಸ್ಟಂಟ್ ಪಾಟ್ 1,000.

ದೋಸೆ ಹಿಟ್ಟು ರುಬ್ಬುವವರಿಗೆ ಒಂದು ಸಮಾಧಾನ: ಟೇಬಲ್ ಮೇಲಿಡುವ 110 ವೋಲ್ಟ್ ಗ್ರೈಂಡರ್ 150 ವ್ಯಾಟಿನದು, ಜನರೇಟರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಮಿಕ್ಸಿ 550ರಿಂದ 750, ಅದೂ ಎರಡು ನಿಮಿಷ. ಊರಿನಿಂದ ತಂದ 230 ವೋಲ್ಟಿನ ಮಿಕ್ಸಿ ಮಾತ್ರ ಇಲ್ಲಿ ಕೆಲಸಕ್ಕೆ ಬಾರದು. ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸುವ ಹಟ ಬಿಡಿ. ಅದರ ಸ್ವಿಚ್ ಹಾಕಿದ ಕ್ಷಣ ನುಗ್ಗುವ ಕರೆಂಟೇ ಸಣ್ಣ ಇನ್ವರ್ಟರ್ ಜನರೇಟರ್ ಅನ್ನು ಕೆಡವಬಹುದು.

ಎಲ್ಲರೂ ಮರೆಯುವುದು ಕನ್ವರ್ಟರ್. ಅದು ಕಣ್ಣಿಗೆ ಕಾಣುವುದಿಲ್ಲ, ಸ್ವಿಚ್ ಇಲ್ಲ, ಕೇಬಲ್ ಚುಚ್ಚಿದ ಕೂಡಲೇ ಬ್ಯಾಟರಿ ತುಂಬಲು ಶುರುಮಾಡುತ್ತದೆ. 55 ಆಂಪ್‌ನದು ಪೂರ್ತಿ ದುಡಿಯುವಾಗ ಸುಮಾರು 940 ವ್ಯಾಟ್ ಎಳೆಯುತ್ತದೆ. ಹಳೆಯ ಲೆಡ್-ಆಸಿಡ್ ಬ್ಯಾಟರಿ ಇದ್ದರೆ ಸ್ವಲ್ಪ ಹೊತ್ತಿಗೇ ಅದರ ಹಸಿವು ಇಳಿಯುತ್ತಿತ್ತು. ಲಿಥಿಯಂ ಹಾಗಲ್ಲ, ತುಂಬುವ ಹಂತಕ್ಕೆ ಬರುವವರೆಗೂ ಕೊಟ್ಟಷ್ಟನ್ನೂ ತೆಗೆದುಕೊಳ್ಳುತ್ತದೆ. ಎರಡು ಬ್ಯಾಟರಿ ಶೇ 20ಕ್ಕೆ ಇಳಿದಿದ್ದರೆ 160 ಆಂಪ್-ಅವರ್ ತುಂಬಬೇಕು, ಅಂದರೆ ಸುಮಾರು ಮೂರು ಗಂಟೆ ಸತತ 940 ವ್ಯಾಟ್. ಬ್ಯಾಟರಿಯನ್ನು ಲಿಥಿಯಂಗೆ ಬದಲಿಸಿದ ಮೇಲೆ "ಮೊದಲು ಓಡುತ್ತಿದ್ದ ಎಸಿ ಈಗ ಜನರೇಟರ್‌ನಲ್ಲಿ ಓಡುತ್ತಿಲ್ಲ" ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ.

ಆರಂಭದ ಏಟು

ಎಸಿ ಓಡುವ ಶಕ್ತಿಗಿಂತ ತೊಂದರೆ ಕೊಡುವುದು ಅದು ಏಳುವ ಕ್ಷಣ. ನಿಂತ ಕಂಪ್ರೆಸರ್ ತಿರುಗಲು ಶುರುವಾಗುವಾಗ 60 ಆಂಪ್ ಆಸುಪಾಸು ಎಳೆಯುತ್ತದೆ. ಎಸಿಯ ಮೇಲಂಟಿಸಿದ ಪಟ್ಟಿಯಲ್ಲಿ ಎಲ್‌ಆರ್‌ಎ ಎಂದು ಬರೆದಿರುವ ಅಂಕಿ ಇದೇ. ಮನೆಯ ಕರೆಂಟು ಇದನ್ನು ಗಮನಿಸುವುದೂ ಇಲ್ಲ. 2,200 ವ್ಯಾಟ್ ಜನರೇಟರ್ ಕೊಡಬಲ್ಲದ್ದು ಹೆಚ್ಚೆಂದರೆ 18 ಆಂಪ್ ಚಿಲ್ಲರೆ. ಈ ಗಾತ್ರದ ಎಸಿಗೆ 3.5 ಕಿಲೋವ್ಯಾಟ್ ಜನರೇಟರ್ ಬೇಕು ಎಂದು ಎಸಿ ಕೈಪಿಡಿಯಲ್ಲಿ ಬರೆದಿರುವುದು ಈ ಒಂದು ಕ್ಷಣಕ್ಕಾಗಿ, ಉಳಿದ ಗಂಟೆಗಳಿಗಾಗಿ ಅಲ್ಲ.

ಒಂದು ಕ್ಷಣಕ್ಕೋಸ್ಕರ ಎರಡರಷ್ಟು ದೊಡ್ಡ ಯಂತ್ರ ಹೊರುವುದು ಮೂಗಿಗಿಂತ ಮೂಗುತಿ ಭಾರ. ಹೋಂಡಾ ಇಯು3000ಐಎಸ್ 131 ಪೌಂಡ್ ಇದೆ, ಪೆಟ್ರೋಲ್ ತುಂಬಿದರೆ 150. ಅದನ್ನು ಪಿಕಪ್‌ನಿಂದ ಇಳಿಸಲು ಇಬ್ಬರು ಬೇಕು. ಇಯು2200ಐ 47 ಪೌಂಡ್, ಚಾಂಪಿಯನ್ 39. ಸಾಫ್ಟ್ ಸ್ಟಾರ್ಟರ್ ಎಂಬ ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ ಆರಂಭದ ಏಟನ್ನು ಶೇ 65ರಿಂದ 75ರಷ್ಟು ತಗ್ಗಿಸುತ್ತದೆ ಎಂಬುದು ತಯಾರಕರ ಲೆಕ್ಕ. 60 ಆಂಪ್ ಇದ್ದದ್ದು 20ರ ಆಸುಪಾಸಿಗೆ ಬಂದರೆ ಸಣ್ಣ ಜನರೇಟರ್‌ಗೆ ಆ ಹೊರೆ ಹೊರುವ ಹಾದಿ ಸಿಗುತ್ತದೆ. ದೊಡ್ಡ ಜನರೇಟರ್‌ಗೆ ಸುರಿಯುವ ಹೆಚ್ಚುವರಿ ಹಣದ ಒಂದು ಭಾಗದಲ್ಲೇ ಇದು ಮುಗಿಯುತ್ತದೆ.

ಎತ್ತರ ಏರಿದರೆ ಏನಾಗುತ್ತದೆ

ಗಾಳಿ ತೆಳುವಾದಷ್ಟೂ ಎಂಜಿನ್ ಶಕ್ತಿ ಇಳಿಯುತ್ತದೆ. ಸಮುದ್ರಮಟ್ಟದಿಂದ ಪ್ರತಿ 1,000 ಅಡಿಗೆ ಸುಮಾರು ಶೇ 3.5 ಕಳೆಯಿರಿ. ಎತ್ತರದ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಕಡಿಮೆ ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಹಾಕಿದರೆ ಮಿಶ್ರಣ ಸರಿಹೋಗುತ್ತದೆ, ಹೊಗೆ ಕಡಿಮೆಯಾಗುತ್ತದೆ. ಕಳೆದ ಶಕ್ತಿ ಮರಳುವುದಿಲ್ಲ.

ಕ್ಯಾಲಿಫೋರ್ನಿಯಾದ ಮ್ಯಾಮತ್ ಲೇಕ್ಸ್ 7,900 ಅಡಿ. 1,800 ವ್ಯಾಟ್ ಅಲ್ಲಿ 1,300ರ ಹತ್ತಿರ. ಎಸಿ ಓಡದು, ಆದರೆ ಅಲ್ಲಿ ಎಸಿಯ ಅಗತ್ಯವೇ ಅಪರೂಪ. ಬ್ಯಾಟರಿ ತುಂಬಲು 940 ಸಾಕು, ಅದು ಸಲೀಸು. ಅರಿಜೋನಾದ ಕ್ವಾರ್ಟ್ಜ್‌ಸೈಟ್ 900 ಅಡಿಗೂ ಕೆಳಗೆ. ಜನ ಅಲ್ಲಿ ಬೀಡುಬಿಡುವುದು ಚಳಿಗಾಲದಲ್ಲಿ, ಆಗಲೂ ಎಸಿ ಬೇಡ. ಸ್ಯಾಕ್ರಮೆಂಟೊ ಕಣಿವೆಯ ಬೇಸಿಗೆ ಬಿಸಿ, ಆದರೆ ನೆಲ ತಗ್ಗು. ಒಂದೇ ಜನರೇಟರ್ ಪೂರ್ತಿ ಶಕ್ತಿ ಕೊಡುತ್ತದೆ.

ಸಿಕ್ಕಿಹಾಕಿಕೊಳ್ಳುವುದು ನಡುವಿನ ಎತ್ತರದಲ್ಲಿ. ಯೂಟಾದ ಮೋಆಬ್ 4,000 ಅಡಿಯಲ್ಲಿದೆ, ಜುಲೈನಲ್ಲಿ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರವೋ ಅದರ ಆಚೆಗೋ ಇರುತ್ತದೆ. 1,800ರಲ್ಲಿ ಶೇ 14 ಹೋದರೆ ಉಳಿಯುವುದು 1,548. ಬಿಸಿಗೆ ಎಸಿ ಕೇಳುವುದು 1,600. ಸಾಫ್ಟ್ ಸ್ಟಾರ್ಟರ್ ಇದ್ದರೆ ಕಂಪ್ರೆಸರ್ ಏಳುತ್ತದೆ, ಹತ್ತು ಹದಿನೈದು ನಿಮಿಷ ಓಡುತ್ತದೆ, ಆಮೇಲೆ ಓವರ್‌ಲೋಡ್ ಎಂದು ನಿಲ್ಲುತ್ತದೆ. ಪ್ರೊಪೇನ್‌ನಲ್ಲಿ ಓಡಿಸುವ ಚಾಂಪಿಯನ್ ಅಲ್ಲಿ 1,430ಕ್ಕೆ ಇಳಿದಿರುತ್ತದೆ, ಆ ಮಾತೇ ಬೇಡ. ಮೋಆಬ್ ಬೇಸಿಗೆಯೇ ಗುರಿಯಾಗಿದ್ದರೆ ಎರಡು ಹಾದಿ: ಎರಡು 2200ಐಗಳನ್ನು ಪ್ಯಾರಲಲ್ ಮಾಡಿ (ಕೇಬಲ್‌ನಲ್ಲಿ ಜೋಡಿಸಿ) 3,600 ರೇಟೆಡ್ ಪಡೆಯುವುದು, ಇಲ್ಲವೇ ಹೋಂಡಾ ಇಯು3200ಐ. ಅದು 2,600 ರೇಟೆಡ್, 59 ಪೌಂಡ್, ಕಾರ್ಬ್ಯುರೇಟರ್ ಬದಲು ಫ್ಯುಯಲ್ ಇಂಜೆಕ್ಷನ್. 4,000 ಅಡಿಯಲ್ಲೂ 2,236 ಕೊಡುತ್ತದೆ.

ಎರಡು ಸಣ್ಣವು ಮೇಲೋ, ಒಂದು ನಡುಗಾತ್ರದ್ದು ಮೇಲೋ? ವರ್ಷದ ಬಹುಪಾಲು ಬ್ಯಾಟರಿ ತುಂಬುವುದಷ್ಟೇ ಕೆಲಸವಾಗಿದ್ದರೆ ಎರಡು ಸಣ್ಣವು. ಒಂದನ್ನು ಮನೆಯಲ್ಲೇ ಬಿಟ್ಟು ಹೋಗಬಹುದು. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಆದರೆ ಎಣ್ಣೆ ಬದಲಾವಣೆ, ಪ್ಲಗ್, ಕಾರ್ಬ್ಯುರೇಟರ್ ಎಲ್ಲವೂ ಎರಡೆರಡು. ಈ ಟ್ರೈಲರ್‌ಗೆ ಆರಿಸಿದ್ದು ಒಂದು 2,200 ವ್ಯಾಟ್ ವರ್ಗದ ಯಂತ್ರ, ಜೊತೆಗೆ ಸಾಫ್ಟ್ ಸ್ಟಾರ್ಟರ್. ಬೇಕೆನಿಸಿದಾಗ ಎರಡನೆಯದನ್ನು ಸೇರಿಸುವ ಅವಕಾಶ ತೆರೆದೇ ಇರುತ್ತದೆ. ಪ್ಯಾರಲಲ್ ಮಾಡುವಾಗ ತಯಾರಕರು ಹೇಳಿದ ಮಾದರಿಗಳನ್ನೇ, ಅವರದೇ ಕೇಬಲ್‌ನಲ್ಲಿ ಸೇರಿಸಬೇಕು.

ಅರ್ಧ ಬೆಲೆಗೆ ಸಿಗುವ ತೆರೆದ ಚೌಕಟ್ಟಿನ ಜನರೇಟರ್ ಯಾಕೆ ಬೇಡ ಎಂಬುದಕ್ಕೆ ಉತ್ತರ ಸದ್ದಿನಲ್ಲಿದೆ. ನ್ಯಾಷನಲ್ ಪಾರ್ಕ್‌ಗಳ ನಿಯಮ 50 ಅಡಿ ದೂರದಲ್ಲಿ 60 ಡೆಸಿಬೆಲ್ ಮೀರಕೂಡದು ಎನ್ನುತ್ತದೆ. ತಯಾರಕರ ಅಂಕಿ ಸಾಮಾನ್ಯವಾಗಿ 23 ಅಡಿಯದು. 23ರಿಂದ 50 ಅಡಿಗೆ ಹೋದರೆ ಸುಮಾರು 7 ಡೆಸಿಬೆಲ್ ಕಡಿಮೆಯಾಗುತ್ತದೆ. ಹಾಗಾಗಿ 70 ಎಂದು ಬರೆದ ಯಂತ್ರ 63ಕ್ಕೆ ನಿಲ್ಲುತ್ತದೆ: ನಿಯಮಕ್ಕೂ ತಪ್ಪು, ಪಕ್ಕದ ಟೆಂಟಿನವರಿಗೂ ತಪ್ಪು. ಅದರ ಮೇಲೆ, ಆ ಅಂಕಿ ಹೆಚ್ಚಾಗಿ ಕಾಲು ಹೊರೆಯದು. ಎಸಿ ಓಡುವಾಗಿನದು ಅಲ್ಲ. ಸಮಯದ ಕಟ್ಟಳೆಯೂ ಇದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕ್‌ಗಳಲ್ಲಿ ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ. ಬೆಳಗ್ಗೆ ಸಂಜೆ ಎರಡೆರಡು ಗಂಟೆ ಮಾತ್ರ ಬಿಡುವ ಕ್ಯಾಂಪ್‌ಗ್ರೌಂಡ್‌ಗಳಿಗೆ ಹೋಗುವವರು ಎಸಿಯ ಆಸೆ ಬಿಟ್ಟು ಚಾರ್ಜಿಂಗ್‌ಗೆ ಲೆಕ್ಕ ಹಾಕಿಕೊಳ್ಳಬೇಕು.

ಕ್ಯಾಲಿಫೋರ್ನಿಯಾದಲ್ಲಿ ಕೊಳ್ಳುವವರು ಅಲ್ಲಿನ ವಾಯು ಮಂಡಳಿ ಸಿಎಆರ್‌ಬಿಯ ಅನುಮೋದನೆಯ ಚೀಟಿ ಯಂತ್ರದ ಮೇಲೆ ಇದೆಯೇ ನೋಡಿ. ಆ ಮಂಡಳಿ 2021ರ ಡಿಸೆಂಬರ್‌ನಲ್ಲಿ ಒಪ್ಪಿದ ನಿಯಮದ ಪ್ರಕಾರ 2028ರ ಮಾದರಿಯಿಂದ ಹೊಸ ಪೋರ್ಟಬಲ್ ಜನರೇಟರ್‌ಗಳು ಹೊಗೆರಹಿತವಾಗಿರಬೇಕು. ಈಗಾಗಲೇ ಕೈಯಲ್ಲಿರುವುದನ್ನು ಬಳಸಲು ಆ ನಿಯಮ ಅಡ್ಡಬರುವುದಿಲ್ಲ.

ಸಾಫ್ಟ್ ಸ್ಟಾರ್ಟರ್ ಕೂರಿಸುವುದು

ಸಾಮಾನು: ಎಸಿ ಮಾದರಿಗೆ ಹೊಂದುವ ಸಾಫ್ಟ್ ಸ್ಟಾರ್ಟರ್, ಕ್ರಿಂಪ್ ಮಾಡುವ ಬಟ್ ಕನೆಕ್ಟರ್‌ಗಳು, ಕಾಲಿಂಚಿನ ಸ್ಪೇಡ್ ಟರ್ಮಿನಲ್‌ಗಳು, ಬಿಸಿಲು ತಡೆಯುವ ಜಿಪ್ ಟೈ, ಎರಡು ಬದಿಯ ವಿಎಚ್‌ಬಿ ಟೇಪ್, 20 ಕಿಲೋಓಮ್ 5 ವ್ಯಾಟ್ ರೆಸಿಸ್ಟರ್, ಮಲ್ಟಿಮೀಟರ್.

ಟ್ರೈಲರ್‌ನ ಕೇಬಲ್ ಕಿತ್ತು ಕಣ್ಣೆದುರೇ ಇಡಿ. ಬ್ಯಾಟರಿಯಿಂದ 120 ವೋಲ್ಟ್ ಕೊಡುವ ಇನ್ವರ್ಟರ್ ಟ್ರೈಲರ್‌ನಲ್ಲಿ ಇದ್ದರೆ ಅದನ್ನೂ ಆರಿಸಿ. ಛಾವಣಿಯ ಮೇಲೆ ಎಸಿಯ ಪ್ಲಾಸ್ಟಿಕ್ ಹೊದಿಕೆ ತೆಗೆದು ಬದಿಯ ವಿದ್ಯುತ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ. ಒಳಗೆ ಕಾಣುವ ಡಬ್ಬಿಯಾಕಾರದ ರನ್ ಕೆಪಾಸಿಟರ್ ಕರೆಂಟು ಹೋದ ಮೇಲೂ ಏಟು ಕೊಡಬಲ್ಲದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಪದ್ಧತಿ ಚಾಲ್ತಿಯಲ್ಲಿದೆ, ಅದು ಬೇಡ; ರೆಸಿಸ್ಟರ್‌ನ ಎರಡು ತುದಿಯನ್ನು ಇನ್ಸುಲೇಟ್ ಮಾಡಿದ ಇಕ್ಕಳದಲ್ಲಿ ಹಿಡಿದು ಟರ್ಮಿನಲ್‌ಗಳಿಗೆ ಕೆಲವು ಸೆಕೆಂಡು ಮುಟ್ಟಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿಕೊಳ್ಳಿ. ಕಾಮನ್ (ಸಿ) ಟರ್ಮಿನಲ್‌ನಿಂದ ಕಂಪ್ರೆಸರ್‌ನದಾದ ಹರ್ಮ್‌ಗೆ ಒಮ್ಮೆ, ಕಾಮನ್‌ನಿಂದ ಫ್ಯಾನ್‌ಗೆ ಒಮ್ಮೆ.

ಯಾವ ತಂತಿ ಎಲ್ಲಿತ್ತು ಎಂಬುದರ ಫೋಟೊ ತೆಗೆಯದೆ ಒಂದನ್ನೂ ಕೀಳಬೇಡಿ. ಹಳೆಯ ಸ್ಟಾರ್ಟ್ ಕೆಪಾಸಿಟರ್ ಮತ್ತು ಪಿಟಿಸಿಆರ್ ಎಂಬ ಸ್ಟಾರ್ಟ್ ರಿಲೇ ಇದ್ದರೆ ತೆಗೆದುಹಾಕಬೇಕು. ಅವು ಉಳಿದರೆ ಸಾಫ್ಟ್ ಸ್ಟಾರ್ಟರ್ ಒಂದು ಕಡೆ ಎಳೆದರೆ ಅವು ಇನ್ನೊಂದು ಕಡೆ ಎಳೆಯುತ್ತವೆ, ಏಟು ತಗ್ಗುವುದೇ ಇಲ್ಲ. ರನ್ ಕೆಪಾಸಿಟರ್ ಮಾತ್ರ ಇದ್ದಲ್ಲೇ ಇರಬೇಕು. ತಂತಿಗಳ ಬಣ್ಣ ಎಸಿಯಿಂದ ಎಸಿಗೆ ಬದಲಾಗುತ್ತದೆ. ಬಣ್ಣ ನಂಬಿ ಜೋಡಿಸದೆ, ನಿಮ್ಮ ಎಸಿ ಮಾದರಿಗೆ ಸಾಫ್ಟ್ ಸ್ಟಾರ್ಟರ್ ತಯಾರಕರು ಕೊಟ್ಟ ನಕ್ಷೆ ಹಿಡಿದೇ ಜೋಡಿಸಿ. ಕ್ರಿಂಪ್ ಮಾಡಿದ ಪ್ರತಿ ಜೋಡಣೆಯನ್ನು ಕೈಯಲ್ಲಿ ಎಳೆದು ನೋಡಿ. ರಸ್ತೆಯ ಕುಲುಕಾಟಕ್ಕೆ ಸಡಿಲಾಗುವುದು ಇಲ್ಲೇ. ಪೆಟ್ಟಿಗೆಯನ್ನು ಕಂಪ್ರೆಸರ್‌ಗೆ, ತಾಮ್ರದ ಕೊಳವೆಗೆ ತಾಗದಂತೆ ಅಂಟಿಸಿ. ತಂತಿ ಹೊರಡುವ ಬದಿ ಕೆಳಮುಖವಾಗಿದ್ದರೆ ನೀರು ಒಳಗೆ ಇಳಿಯದು.

ಮೊದಲ ಕೆಲವು ಆರಂಭ ಮನೆಯ ಕರೆಂಟಿನಲ್ಲೇ ಆಗಲಿ. ಮೈಕ್ರೊ-ಏರ್ ಈಸಿಸ್ಟಾರ್ಟ್‌ನಂಥವು ಕಂಪ್ರೆಸರ್‌ನ ಸ್ವಭಾವ ಕಲಿತುಕೊಳ್ಳಲು ಐದು ಆರಂಭ ತೆಗೆದುಕೊಳ್ಳುತ್ತವೆ. ಮೊದಲಿನವು ಇನ್ನೂ ಒರಟಾಗಿಯೇ ಇರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಿ. ಗ್ಯಾಸಿನ ಒತ್ತಡ ಸಮನಾಗುವ ಮೊದಲೇ ಮತ್ತೆ ಎಬ್ಬಿಸಿದರೆ ಕಂಪ್ರೆಸರ್ ತಿಣುಕುತ್ತದೆ, ಕಲಿಕೆಯೂ ತಪ್ಪುತ್ತದೆ. ಕಲಿಸದೆ ನೇರ ಕಾಡಿಗೆ ಒಯ್ದು "ಇದು ಕೆಲಸವನ್ನೇ ಮಾಡುವುದಿಲ್ಲ" ಎನ್ನುವವರು ಬಹಳ.

ಕೇಬಲ್, ಪ್ಲಗ್, ನ್ಯೂಟ್ರಲ್

ಟ್ರೈಲರ್‌ನ ಟಿಟಿ-30 ಪ್ಲಗ್ 120 ವೋಲ್ಟಿನದು. ಹಳೆಯ ಡ್ರೈಯರ್ ಪ್ಲಗ್ ಥರ ಕಾಣುತ್ತದೆಂದು ಅದನ್ನು 240 ವೋಲ್ಟಿಗೆ ಜೋಡಿಸುವ ಎಲೆಕ್ಟ್ರಿಷಿಯನ್‌ಗಳೂ ಇದ್ದಾರೆ. ಮನೆಯಲ್ಲಿ ಹೊಸ ಸಾಕೆಟ್ ಹಾಕಿಸಿದರೆ ಮೀಟರ್‌ನಲ್ಲಿ ನೋಡಿದ ಮೇಲೆಯೇ ಚುಚ್ಚಿ. ಜನರೇಟರ್‌ಗೆ 20 ಆಂಪ್ ಸಾಕೆಟ್ ಮಾತ್ರ ಇದ್ದರೆ 15ರಿಂದ 30ರ ಡಾಗ್‌ಬೋನ್ ಅಡಾಪ್ಟರ್ ಸಾಕು. ಎಲ್5-30 ಎಂಬ ತಿರುಗಿಸಿ ಕೂರಿಸುವ ಸಾಕೆಟ್ ಇದ್ದರೆ ಅದಕ್ಕೆ ಬೇರೆ ಅಡಾಪ್ಟರ್.

ಜನರೇಟರ್ ದೂರವಿಡಲು ಉದ್ದ ಬೇಕೆಂದು ಮನೆಯ 16 ಗೇಜಿನ ಎಕ್ಸ್‌ಟೆನ್ಶನ್ ಹಾಕಬೇಡಿ. 50 ಅಡಿಯ ಅಂಥ ತಂತಿಯಲ್ಲಿ 13 ಆಂಪ್‌ಗೆ 5 ವೋಲ್ಟ್ ಹೋಗುತ್ತದೆ, ತಂತಿಯೂ ಬೆಚ್ಚಗಾಗುತ್ತದೆ. 25 ಅಡಿಯ 10 ಗೇಜ್ 30 ಆಂಪ್ ಕೇಬಲ್‌ನಲ್ಲಿ ಅದೇ ಕರೆಂಟಿಗೆ ಒಂದು ವೋಲ್ಟೂ ಹೋಗದು.

ಇಎಂಎಸ್, ಅಂದರೆ ವೋಲ್ಟೇಜ್ ಕಾವಲು ಪೆಟ್ಟಿಗೆ ಇರುವ ಟ್ರೈಲರ್‌ನಲ್ಲಿ ಇನ್ನೊಂದು ತಡೆ ಎದುರಾಗುತ್ತದೆ. ಜನರೇಟರ್ ಸರಿಯಾಗಿ ಓಡುತ್ತಿದೆ, ಮೀಟರ್ 120 ತೋರಿಸುತ್ತಿದೆ, ಟ್ರೈಲರ್‌ಗೆ ಮಾತ್ರ ಕರೆಂಟಿಲ್ಲ, ಪೆಟ್ಟಿಗೆ "ಓಪನ್ ಗ್ರೌಂಡ್" ಎನ್ನುತ್ತದೆ. ಸಣ್ಣ ಇನ್ವರ್ಟರ್ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಗ್ರೌಂಡ್‌ಗೆ ಸೇರಿರುವುದಿಲ್ಲ. ಕಾವಲು ಪೆಟ್ಟಿಗೆಗೆ ಅದು ಕೆಟ್ಟ ಕಂಬದಂತೆ ಕಾಣುತ್ತದೆ. ಪರಿಹಾರ ಒಂದು ಬಾಂಡಿಂಗ್ ಪ್ಲಗ್. 15 ಆಂಪ್‌ನ ಮೂರು ಕಾಲಿನ ಗಂಡು ಪ್ಲಗ್ ಒಂದನ್ನು ಬಿಚ್ಚಿ, ಬೆಳ್ಳಿ ಬಣ್ಣದ ಸ್ಕ್ರೂ (ನ್ಯೂಟ್ರಲ್) ಮತ್ತು ಹಸಿರು ಸ್ಕ್ರೂ (ಗ್ರೌಂಡ್) ನಡುವೆ 12 ಗೇಜಿನ ಸಣ್ಣ ತುಂಡು ತಂತಿ ಬಿಗಿಯಿರಿ. ಹಿತ್ತಾಳೆ ಸ್ಕ್ರೂಗೆ ಏನೂ ಬೇಡ. ಮುಚ್ಚಿ, ಬೆಳ್ಳಿಗೂ ಹಸಿರಿಗೂ ಸಂಪರ್ಕ ಇದೆಯೇ, ಹಿತ್ತಾಳೆಗೆ ಯಾವುದರೊಂದಿಗೂ ಇಲ್ಲವೇ ಎಂದು ಮೀಟರ್‌ನಲ್ಲಿ ಖಚಿತ ಮಾಡಿ. ಜನರೇಟರ್‌ನ ಇನ್ನೊಂದು ಸಾಕೆಟ್‌ಗೆ ಚುಚ್ಚಿದರೆ ಇಎಂಎಸ್ ಒಪ್ಪುತ್ತದೆ. ಪ್ಲಗ್ ಮೇಲೆ "ಜನರೇಟರ್‌ಗೆ ಮಾತ್ರ" ಎಂದು ಢಾಳಾಗಿ ಬರೆದು ಜನರೇಟರ್‌ನ ಹಿಡಿಗೇ ಕಟ್ಟಿಡಿ. ಮನೆಯ ಸಾಕೆಟ್‌ಗೂ ಟ್ರೈಲರ್ ಒಳಗಿನ ಸಾಕೆಟ್‌ಗೂ ಇದು ಹೋಗಕೂಡದು. ಜಿಎಫ್‌ಸಿಐ (ಕರೆಂಟು ಸೋರಿದರೆ ತಾನೇ ಕಡಿಯುವ) ಸಾಕೆಟ್ ಇರುವ, ನ್ಯೂಟ್ರಲ್ ಆಗಲೇ ಬಾಂಡ್ ಆಗಿರುವ ಜನರೇಟರ್‌ಗೆ ಇದು ಬೇಡ.

ಓಡಿಸುವ ಕ್ರಮ

ಮೊದಲು ಟ್ರೈಲರ್ ಒಳಗೆ: ಗೀಸರ್‌ನ ಎಲೆಕ್ಟ್ರಿಕ್ ಸ್ವಿಚ್ ಆಫ್, ಫ್ರಿಜ್ ಪ್ರೊಪೇನ್‌ಗೆ. ಫ್ರಿಜ್ "ಆಟೊ"ದಲ್ಲಿದ್ದರೆ ಕರೆಂಟು ಸಿಕ್ಕ ಕೂಡಲೇ ತಾನೇ ಕರೆಂಟಿಗೆ ಹಾರುತ್ತದೆ, ಆದ್ದರಿಂದ ಗ್ಯಾಸ್ ಎಂದೇ ಒತ್ತಿ. ಎಸಿ ಓಡಿಸುವುದಾದರೆ ಕನ್ವರ್ಟರ್ ಬ್ರೇಕರ್ ಆಫ್. ಕೆಲವು ಟ್ರೈಲರ್‌ಗಳಲ್ಲಿ ಅದೇ ಬ್ರೇಕರ್‌ನಲ್ಲಿ ಸಾಕೆಟ್‌ಗಳೂ ಇರುತ್ತವೆ, ನೋಡಿಕೊಳ್ಳಿ. ಎಸಿಯ ಥರ್ಮೊಸ್ಟಾಟ್ 12 ವೋಲ್ಟ್ ಬ್ಯಾಟರಿಯಿಂದ ನಡೆಯುವುದರಿಂದ ಕನ್ವರ್ಟರ್ ಇಲ್ಲದಿದ್ದರೂ ಎಸಿ ಓಡುತ್ತದೆ.

ಜನರೇಟರ್ ಎಬ್ಬಿಸಿ ಮೂರು ನಿಮಿಷ ಬೆಚ್ಚಗಾಗಲಿ. ಇಕೋ ಸ್ವಿಚ್ ಆಫ್ ಮಾಡಿ. ನಿಧಾನಗತಿಯಲ್ಲಿರುವ ಎಂಜಿನ್ ವೇಗ ಹಿಡಿಯುವಷ್ಟರಲ್ಲಿ ಕಂಪ್ರೆಸರ್ ಕೈಕೊಟ್ಟಿರುತ್ತದೆ. ಕೇಬಲ್ ಚುಚ್ಚಿ. ಇಎಂಎಸ್ ಎರಡು ನಿಮಿಷದ ಮೇಲೆ ಕಾಯಿಸಿದರೆ ಗಾಬರಿ ಬೇಡ, ಅದು ಕಂಪ್ರೆಸರ್ ಕಾಪಾಡುವ ವಿಳಂಬ. ಮೊದಲು ಎಸಿಯ ಫ್ಯಾನ್ ಮಾತ್ರ, ಒಂದೆರಡು ನಿಮಿಷ ಬಿಟ್ಟು ಕೂಲ್. ಅರ್ಧ ಗಂಟೆ ಸರಾಗವಾಗಿ ಓಡಿದ ಮೇಲೆ ಇಕೋ ಹಾಕಿ ನೋಡಬಹುದು.

ಎಂಜಿನ್ ಓಡುತ್ತಲೇ ಇದ್ದು, ಕೆಂಪು ದೀಪ ಹತ್ತಿ, ಕರೆಂಟು ಮಾತ್ರ ನಿಂತರೆ ಅದು ಓವರ್‌ಲೋಡ್. ಹೊರೆ ಕಿತ್ತು, ಎಂಜಿನ್ ನಿಲ್ಲಿಸಿ ಮತ್ತೆ ಎಬ್ಬಿಸಿ. ಕೆಲವಕ್ಕೆ ರೀಸೆಟ್ ಗುಂಡಿ ಇರುತ್ತದೆ. ಹುಡುಕುವ ಸರಣಿ: ಗೀಸರ್, ಕನ್ವರ್ಟರ್, ಇಕೋ, ತೆಳು ಕೇಬಲ್, ಎತ್ತರ. ಬಹುಪಾಲು ಮೊದಲೆರಡರಲ್ಲೇ ಮುಗಿಯುತ್ತದೆ. ಇವಾವುದೂ ಅಲ್ಲದಿದ್ದರೆ ಛಾವಣಿ ಹತ್ತಿ ಎಸಿಯ ಕಂಡೆನ್ಸರ್ ನೋಡಿ. ಧೂಳು, ಹತ್ತಿಯಂಥ ಬೀಜ ತುಂಬಿದ ರೆಕ್ಕೆಗಳು ಎಳೆಯುವ ಆಂಪ್ ಅನ್ನು ಸದ್ದಿಲ್ಲದೆ ಏರಿಸುತ್ತವೆ.

ಬ್ಯಾಟರಿ ತುಂಬಲು ಜನರೇಟರ್ ಮೇಲಿನ 12 ವೋಲ್ಟ್ ಸಾಕೆಟ್ ಬಳಸಬೇಡಿ. ಅದರಲ್ಲಿ ಬರುವುದು 8 ಆಂಪ್, ನಿಯಂತ್ರಣವೂ ಇಲ್ಲ. 120 ವೋಲ್ಟಿನಿಂದ ಕನ್ವರ್ಟರ್ ಮೂಲಕವೇ ತುಂಬಿ. ಎತ್ತರದ ಜಾಗದ ಮುಂಜಾವಿನಲ್ಲಿ ಬ್ಯಾಟರಿ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಲಿಥಿಯಂ ಚಾರ್ಜ್ ತೆಗೆದುಕೊಳ್ಳಬಾರದು. ಒಳ್ಳೆಯ ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ತಾನೇ ತಡೆಯುತ್ತದೆ. ಆಗ ಜನರೇಟರ್ ಸುಮ್ಮನೆ ಓಡುತ್ತಿರುತ್ತದೆ, ಬ್ಯಾಟರಿ ತುಂಬುತ್ತಿರುವುದಿಲ್ಲ.

ಹೊಗೆ ಮತ್ತು ಇಂಧನ

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಜನರೇಟರ್ 20 ಅಡಿ ದೂರ, ಗಾಳಿ ಬೀಸಿ ಹೋಗುವ ಕಡೆಗೆ, ಹೊಗೆಕೊಳವೆ ಟ್ರೈಲರ್‌ಗೆ ಬೆನ್ನು ಹಾಕಿ. ಅವ್ನಿಂಗ್ (ಬದಿಯ ನೆರಳಿನ ಚಪ್ಪರ) ಕೆಳಗೆ, ಸ್ಲೈಡ್‌ಔಟ್ (ಟ್ರೈಲರ್‌ನಿಂದ ಹೊರಚಾಚುವ ಭಾಗ) ಅಡಿಯಲ್ಲಿ, ಮುಚ್ಚಿದ ಪಿಕಪ್ ಹಿಂಭಾಗದಲ್ಲಿ ಬೇಡವೇ ಬೇಡ. ಪಕ್ಕದವರ ಟೆಂಟ್ ಎಲ್ಲಿದೆ ಎಂಬುದೂ ಇದೇ ಲೆಕ್ಕದಲ್ಲಿ ಬರಬೇಕು. ಹೊಸ ಮಾದರಿಗಳಲ್ಲಿ ಸಿಒ ಸೆನ್ಸರ್ ಇರುತ್ತದೆ. ಪಿಜಿಎಂಎ ಜಿ300-2018 ಮಾನದಂಡದ್ದು 800 ಪಿಪಿಎಂ ಮುಟ್ಟಿದರೆ ಅಥವಾ ಹತ್ತು ನಿಮಿಷದ ಸರಾಸರಿ 400 ದಾಟಿದರೆ ಎಂಜಿನ್ ನಿಲ್ಲಿಸುತ್ತದೆ. ಅದು ಜನರೇಟರ್ ಸುತ್ತಲಿನ ಗಾಳಿ ಅಳೆಯುತ್ತದೆಯೇ ಹೊರತು ನೀವು ಮಲಗುವ ಕೋಣೆಯದನ್ನಲ್ಲ. ಟ್ರೈಲರ್ ಒಳಗಿನ ಅಲಾರಂ ಅವಧಿ ಮುಗಿದಿದೆಯೇ ಎಂದು ಹಿಂಬದಿಯ ದಿನಾಂಕ ನೋಡಿ.

2200ಐ ಟ್ಯಾಂಕ್ 0.95 ಗ್ಯಾಲನ್: ಪೂರ್ತಿ ಹೊರೆಗೆ 3.2 ಗಂಟೆ, ಕಾಲು ಹೊರೆಗೆ 8.1. ಎಸಿ ಆರು ಗಂಟೆ ಓಡಿಸಿದರೆ ಎರಡು ಗ್ಯಾಲನ್‌ಗೆ ಹತ್ತಿರ. ಐದು ಗ್ಯಾಲನ್ ಕ್ಯಾನ್ ಸುಮಾರು 30 ಪೌಂಡ್, ಟ್ರೈಲರ್ ಒಳಗಿಡಬೇಡಿ. ಶೇ 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲ್, ಅಂದರೆ ಪಂಪಿನಲ್ಲಿ ಇ15 ಎಂದು ಬರೆದದ್ದು, ಈ ಎಂಜಿನ್‌ಗಳಿಗೆ ಅಲ್ಲ.

ಪ್ರೊಪೇನ್‌ಗೆ ಒಂದು ಅನುಕೂಲ ಇದೆ: ಕೆಡುವುದಿಲ್ಲ, ಕಾರ್ಬ್ಯುರೇಟರ್ ಕಟ್ಟುವುದಿಲ್ಲ. ಟ್ರೈಲರ್ ಬದಿಯ ಕ್ವಿಕ್ ಕನೆಕ್ಟ್‌ನಿಂದ ಎಳೆಯುವವರು ಒಂದು ನೆನಪಿಡಿ. ಅಲ್ಲಿ ಬರುವುದು ಟ್ರೈಲರ್‌ನ ರೆಗ್ಯುಲೇಟರ್ ಇಳಿಸಿದ 11 ಇಂಚು ನೀರಿನ ಒತ್ತಡ. ಜನರೇಟರ್ ಜೊತೆ ಬಂದ ಕೊಳವೆಗೂ ರೆಗ್ಯುಲೇಟರ್ ಇದ್ದರೆ ಎರಡೆರಡು ಸಲ ಇಳಿದು ಎಂಜಿನ್‌ಗೆ ಉಸಿರುಕಟ್ಟುತ್ತದೆ. ಸಿಲಿಂಡರ್‌ಗೆ ನೇರ ಹಾಕುವುದಾದರೆ ರೆಗ್ಯುಲೇಟರ್ ಬೇಕು, ಟ್ರೈಲರ್ ಬಾಯಿಯಿಂದ ತೆಗೆಯುವುದಾದರೆ ಬೇಡ.

ಏರಿಳಿತದ ರೋಗ

ಕೆಲವು ತಿಂಗಳು ಕೂತ ಜನರೇಟರ್ ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ಚೋಕ್ ತೆಗೆದರೆ ಉಬ್ಬಸ ಬಂದಂತೆ ವೇಗ ಏರಿಳಿಯುತ್ತದೆ. ಕಾರಣ ಕಾರ್ಬ್ಯುರೇಟರ್‌ನ ಮುಖ್ಯ ಜೆಟ್‌ನಲ್ಲಿ ಒಣಗಿದ ಪೆಟ್ರೋಲಿನ ಅಂಟು. ಬಿಚ್ಚುವ ಮೊದಲು ಎರಡು ಸುಲಭದ ತಪಾಸಣೆ ಮಾಡಿ: ಇಂಧನ ಮುಚ್ಚಳದ ಮೇಲಿನ ಗಾಳಿಕಿಂಡಿಯ ಕಡ್ಡಿ ಆನ್‌ನಲ್ಲಿದೆಯೇ (ಮುಚ್ಚಿದ್ದರೆ ಸ್ವಲ್ಪ ಹೊತ್ತು ಓಡಿ ಸಾಯುತ್ತದೆ), ಏರ್ ಫಿಲ್ಟರ್ ಎಣ್ಣೆಯಲ್ಲಿ ನೆಂದಿದೆಯೇ.

ಎರಡೂ ಸರಿಯಿದ್ದರೆ ಬದಿಯ ಮುಚ್ಚಳ ತೆಗೆದು, ಫ್ಲೋಟ್ ಬೌಲ್‌ನ ಡ್ರೇನ್ ಸ್ಕ್ರೂ ಸಡಿಲಿಸಿ ಹಳೆಯದನ್ನು ಬಟ್ಟಲಿಗೆ ಇಳಿಸಿ. ಹಸಿರು ಮಿಶ್ರಿತ ಕಂದು, ವಾರ್ನಿಶ್ ವಾಸನೆ ಇದ್ದರೆ ರೋಗ ಖಚಿತ. ಬೌಲ್ ತೆಗೆದು, ಮುಖ್ಯ ಜೆಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ದುಂಡಗಿನ ಪೂರ್ತಿ ಬೆಳಕು ಕಾಣಬೇಕು. ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ತಾಮ್ರದ ತಂತಿಯ ಒಂದೇ ಎಳೆ ತೂರಿಸಿ. ಗುಂಡುಸೂಜಿ, ಡ್ರಿಲ್ ಬಿಟ್ ಹಾಕಿದರೆ ರಂಧ್ರ ಹಿಗ್ಗಿ ಮಿಶ್ರಣ ಶಾಶ್ವತವಾಗಿ ಕೆಡುತ್ತದೆ. ಮೇಲಿನ ಎಮಲ್ಶನ್ ಕೊಳವೆಯ ಪಕ್ಕದ ಸಣ್ಣ ತೂತುಗಳನ್ನೂ, ಪೈಲಟ್ ಜೆಟ್ಟನ್ನೂ ಬಿಡದೆ ಮಾಡಿ. ಏರಿಳಿತ ಪೂರ್ತಿ ಹೋಗದಿದ್ದರೆ ತಪ್ಪಿಸಿಕೊಂಡದ್ದು ಪೈಲಟ್ಟೇ. ಬೌಲ್‌ನ ಓ-ರಿಂಗ್ ಹಿಗ್ಗಿದ್ದರೆ ಹೊಸದು ಹಾಕಿ.

7,000 ಅಡಿಯಲ್ಲಿ ಕಪ್ಪು ಹೊಗೆ, ಮಸಿಹಿಡಿದ ಪ್ಲಗ್ ಕಂಡರೆ ಅದು ಬೇರೆ ಕತೆ: ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು. ಅಲ್ಲಿ ಬೇಕಾದದ್ದು ಎತ್ತರದ ಜೆಟ್, ಕಣಿವೆಗೆ ಇಳಿದ ಮೇಲೆ ಮತ್ತೆ ಹಳೆಯದು. ಎತ್ತರದ ಜೆಟ್ಟಿನಲ್ಲೇ ತಗ್ಗಿನಲ್ಲಿ ಓಡಿಸಿದರೆ ಎಂಜಿನ್ ಬಿಸಿಯೇರಿ ಹಾಳಾಗುತ್ತದೆ.

2200ಐಗೆ ಎಣ್ಣೆ 0.4 ಲೀಟರ್, 10ಡಬ್ಲ್ಯು-30. ಹೊಸ ಎಂಜಿನ್‌ಗೆ ಮೊದಲ ಬದಲಾವಣೆ 20 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಅಥವಾ ಆರು ತಿಂಗಳಿಗೆ. ಎಣ್ಣೆ ಸರಿಯಿದ್ದೂ ಆಯಿಲ್ ಅಲರ್ಟ್ ಬಂದು ನಿಂತರೆ ಯಂತ್ರ ವಾಲಿ ಕೂತಿದೆಯೇ ನೋಡಿ. ಸ್ಪಾರ್ಕ್ ಪ್ಲಗ್ ಅಂತರ 0.6ರಿಂದ 0.7 ಮಿಲಿಮೀಟರ್. ಹೊಗೆಕೊಳವೆಯಲ್ಲಿ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಜಾಲರಿಯನ್ನು 100 ಗಂಟೆಗೊಮ್ಮೆ ಬ್ರಷ್‌ನಲ್ಲಿ ಉಜ್ಜಿ. ಕಿತ್ತೆಸೆಯಬೇಡಿ, ಒಣ ಹುಲ್ಲಿನ ಕಾಡಿನಲ್ಲಿ ಅದು ಕಡ್ಡಾಯ.

ಮನೆಗೆ ಮರಳಿ ಎತ್ತಿಡುವಾಗ ಪೆಟ್ರೋಲ್‌ಗೆ ಸ್ಟೆಬಿಲೈಸರ್ ಬೆರೆಸಿ ಹತ್ತು ನಿಮಿಷ ಓಡಿಸಿ, ಆಮೇಲೆ ಇಂಧನ ವಾಲ್ವ್ ಮಾತ್ರ ಮುಚ್ಚಿ ಎಂಜಿನ್ ತಾನಾಗಿ ಸಾಯುವವರೆಗೆ ಬಿಡಿ. 2200ಐ ಸ್ವಿಚ್‌ನಲ್ಲಿ ಇದಕ್ಕೆಂದೇ ಒಂದು ಜಾಗ ಇದೆ. ಬೌಲ್‌ನ ತಳದಲ್ಲಿ ಉಳಿದ ಒಂದೆರಡು ಚಮಚವನ್ನು ಡ್ರೇನ್ ಸ್ಕ್ರೂನಿಂದ ಇಳಿಸಿ, ಸ್ಕ್ರೂ ಮತ್ತೆ ಬಿಗಿಯಿರಿ.